ಪ್ರಾರ್ಥನೆ ಮಾಡಿ ಹೇಳ್ತೀನಿ ಮೇಡಂ

ಆರು ವರ್ಷ ಜನರಲ್ ವಾರ್ಡಿನಲ್ಲಿ ನರ್ಸ್ ಆಗಿದ್ದೆ. ಒಂದು ದಿನ ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ಕರೆದರು. "ಡಯಾಲಿಸಿಸ್ ಯೂನಿಟ್‌ನಲ್ಲಿ ಒಬ್ಬರು ಕಡಿಮೆ ಇದ್ದಾರೆ. ಟ್ರೈನಿಂಗ್ ಕೊಡ್ತೀವಿ, ಬರ್ತೀಯಾ? ಈ ವಾರದೊಳಗೆ ಹೇಳು" ಅಂದರು.

"ಪ್ರಾರ್ಥನೆ ಮಾಡಿ ಹೇಳ್ತೀನಿ ಮೇಡಂ" ಅಂದೆ.

ಪ್ರಾರ್ಥನೆ ಮಾಡಿದ್ದು ನಿಜ. ಆದರೆ ಕೇಳಿದ್ದೆಲ್ಲ ಬರೀ ಗುರುತು. ಕರ್ತನೇ, ನಾಳೆ ಮೇಡಂ ತಾವಾಗಿಯೇ ಈ ಮಾತು ಎತ್ತಿದರೆ ನಾನು ಹೋಗಬೇಕು ಅಂತ ತಿಳ್ಕೋತೀನಿ. ಮೇಡಂ ಎತ್ತಿದರು. ಆಗ ಇನ್ನೊಂದು ಗುರುತು ಬೇಕು ಅನ್ನಿಸಿತು. ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟ ಕಡೆ ಓದಿದೆ. ಏನೂ ಹೊಳೆಯಲಿಲ್ಲ. ಬೈಬಲ್‌ನ ಗಿದ್ಯೋನನೂ ಯುದ್ಧಕ್ಕೆ ಹೋಗುವ ಮೊದಲು ಉಣ್ಣೆ ಹಾಸಿ, ಒಂದು ರಾತ್ರಿ ಉಣ್ಣೆ ಮಾತ್ರ ಇಬ್ಬನಿಗೆ ನೆನೆಯಲಿ, ಇನ್ನೊಂದು ರಾತ್ರಿ ನೆಲ ಮಾತ್ರ ನೆನೆಯಲಿ ಅಂತ ದೇವರ ಹತ್ತಿರ ಗುರುತು ಕೇಳಿದ್ದನಲ್ವಾ, ನಾನು ಕೇಳಿದರೆ ತಪ್ಪೇನು ಅಂದುಕೊಂಡೆ. ಹೀಗೇ ಮೂರು ವಾರ ಹೋಯಿತು.

ಒಂದು ಬೆಳಿಗ್ಗೆ ನೈಟ್ ಡ್ಯೂಟಿ ಮುಗಿಸಿ ಬಟ್ಟೆ ಬದಲಿಸುವಾಗ ಡಯಾಲಿಸಿಸ್ ಯೂನಿಟ್‌ನ ಅಕ್ಕ ಅಲ್ಲೇ ಬೆಂಚಿನ ಮೇಲೆ ಕೂತಿದ್ದರು. ಶೂ ಬಿಚ್ಚಿದ್ದರು, ಪಾದ ಊದಿತ್ತು. ಆ ವಾರ ಮೂರನೇ ಸಲ ಡಬಲ್ ಡ್ಯೂಟಿ ಮಾಡಿದ್ದರಂತೆ. "ನೀನು ಬರಲ್ಲ ಅಂದಿದ್ರೂ ನಂಗೆ ಬೇಜಾರಿರಲಿಲ್ಲ ಕಣೇ. ಬೇರೆ ಯಾರನ್ನಾದ್ರೂ ಹಾಕ್ತಿದ್ರು. ನೀನು ಏನೂ ಹೇಳದೆ ಇರೋದ್ರಿಂದ ಆ ಜಾಗ ಹಾಗೇ ಖಾಲಿ ಇದೆ." ಕೋಪದಿಂದ ಹೇಳಲಿಲ್ಲ. ಸುಸ್ತಾಗಿದ್ದರು, ಅಷ್ಟೇ.

ಮನೆಗೆ ಹೋದರೂ ನಿದ್ದೆ ಬರಲಿಲ್ಲ. ದೇವರಿಗಾಗಿ ಕಾಯ್ತಿದ್ದೀನಿ ಅಂದುಕೊಂಡಿದ್ದೆ. ನಿಜಕ್ಕೂ ನನಗೆ ಭಯ ಇತ್ತು. ಮೆಷಿನ್ ಭಯ, ತಪ್ಪು ಮಾಡಿಬಿಟ್ಟರೆ ಅನ್ನೋ ಭಯ. ಆ ಭಯದ ಭಾರವನ್ನು ಇನ್ನೊಬ್ಬರ ಕಾಲು ಹೊರುತ್ತಿತ್ತು.

ಅವತ್ತು ಗಿದ್ಯೋನನ ಕಥೆ ಇರುವ, ಬೈಬಲ್‌ನ ನ್ಯಾಯಸ್ಥಾಪಕರು ಪುಸ್ತಕದ 6ನೇ ಅಧ್ಯಾಯವನ್ನು ಮೊದಲಿಂದ ಓದಿದೆ. ಉಣ್ಣೆ ಹಾಸುವ ಮೊದಲೇ ದೇವರು ಗಿದ್ಯೋನನಿಗೆ ಹೋಗು ಅಂದಿದ್ದರು. "ನೀನು ಹೇಳಿದ ಹಾಗೆ" ಅಂತ ಅವನ ಬಾಯಲ್ಲೇ ಬರುತ್ತದೆ. ಅವನ ಅಳುಕನ್ನು ದೇವರು ತಾಳ್ಮೆಯಿಂದ ಸಹಿಸಿಕೊಂಡರು. ಅದನ್ನು ನಮಗೆಲ್ಲ ಮಾದರಿ ಅಂತ ಇಟ್ಟುಕೊಳ್ಳೋದು ಸರಿಯಲ್ಲ ಅಂತ ನನಗೆ ಈಗ ಅನ್ನಿಸುತ್ತದೆ.

ಆಮೇಲೆ ಬೈಬಲ್‌ನಲ್ಲೇ ನೆಹೆಮೀಯನ ಕಥೆ ಓದಿದೆ. ಅವನೂ ನಮ್ಮ ಹಾಗೆ ಡ್ಯೂಟಿ ಮಾಡುವವನೇ, ಪರ್ಷಿಯದ ಅರಸನಿಗೆ ದ್ರಾಕ್ಷಾರಸ ಕೊಡುವ ಕೆಲಸ. ಯೆರೂಸಲೇಮಿನ ಗೋಡೆ ಬಿದ್ದಿದೆ ಅಂತ ಕೇಳಿ ಯೆಹೂದ್ಯರ ಕಿಸ್ಲೇವ್ ತಿಂಗಳಿಂದ ನೀಸಾನ್ ತಿಂಗಳ ತನಕ, ಹೆಚ್ಚೂಕಡಿಮೆ ನಾಲ್ಕು ತಿಂಗಳು ಪ್ರಾರ್ಥನೆ ಮಾಡಿದ. ಅರಸ "ನಿನಗೆ ಏನು ಬೇಕು?" ಅಂದಾಗ ಒಳಗೊಳಗೇ ಪ್ರಾರ್ಥಿಸಿ, ಅಲ್ಲೇ ಉತ್ತರ ಕೊಟ್ಟ. ಎಷ್ಟು ದಿನ ರಜೆ, ಯಾರಿಗೆಲ್ಲ ಪತ್ರ, ಬಾಗಿಲುಗಳಿಗೆ ಮರ ಎಲ್ಲಿಂದ, ಎಲ್ಲ ಗೊತ್ತಿತ್ತು ಅವನಿಗೆ. ಆ ನಾಲ್ಕು ತಿಂಗಳಲ್ಲಿ ಪ್ರಾರ್ಥನೆಯ ಜೊತೆಗೇ ಯೋಚನೆಯೂ ನಡೆದಿತ್ತು ಅಂತ ನಾನು ನಂಬ್ತೀನಿ. ಯೆರೂಸಲೇಮಿಗೆ ಹೋದ ಮೇಲೂ ರಾತ್ರಿ ಹೊತ್ತು ಸುತ್ತಿ ಗೋಡೆಯನ್ನು ಕಣ್ಣಾರೆ ನೋಡಿದ. ಆಮೇಲೆ 52 ದಿನದಲ್ಲಿ ಗೋಡೆ ಎದ್ದಿತು.

ಮಾರನೇ ದಿನ ನನಗೆ ರಜೆ ಇತ್ತು. ಮೇಡಂ ಹತ್ತಿರ ಕೇಳಿ ಯೂನಿಟ್‌ಗೆ ಹೋಗಿ ನಿಂತೆ. ಅಕ್ಕ ಒಬ್ಬ ಪೇಷೆಂಟ್ ಕೈಯ ಫಿಸ್ಟುಲಾ ಮೇಲೆ, ಅಂದರೆ ಡಯಾಲಿಸಿಸ್‌ಗಾಗಿ ಎರಡು ರಕ್ತನಾಳ ಸೇರಿಸಿದ ಜಾಗದ ಮೇಲೆ, ನನ್ನ ಬೆರಳು ಇಡಿಸಿದರು. ಚರ್ಮದ ಕೆಳಗೆ ಬೆಕ್ಕು ಗುರುಗುಟ್ಟಿದ ಹಾಗೆ ಸಣ್ಣ ನಡುಕ. ಥ್ರಿಲ್ ಅಂತಾರೆ ಅದಕ್ಕೆ. ರಕ್ತ ಸರಿಯಾಗಿ ಹರೀತಿದೆ ಅನ್ನೋದಕ್ಕೆ ಅದೇ ಗುರುತು. "ಮೊನ್ನೆ ಇತ್ತು ಅಂತ ಇವತ್ತು ಬಿಡೋ ಹಾಗಿಲ್ಲ. ಪ್ರತಿ ಸಲ ಮುಟ್ಟಿ ನೋಡ್ಬೇಕು" ಅಂದರು. ನಾಲ್ಕು ಗಂಟೆ ಪಕ್ಕದಲ್ಲೇ ಕೂತು ನೋಡಿದೆ. ಆ ಪೇಷೆಂಟ್ ವಾರಕ್ಕೆ ಮೂರು ಸಲ ಬರ್ತಾರಂತೆ.

ಸಂಜೆ ನಮ್ಮ ಸಭಾಪಾಲಕರ ಹತ್ತಿರ ಮಾತಾಡಿದೆ. ಅವರು ಬೈಬಲ್‌ನ ಯಾಕೋಬನ ಪತ್ರದ 1:5ನೇ ವಚನ ನೆನಪಿಸಿದರು. ಜ್ಞಾನ ಕಡಿಮೆ ಇದ್ದರೆ ದೇವರನ್ನು ಕೇಳಿ ಅಂತ ಅಲ್ಲಿದೆ. ನಾನು ಇಷ್ಟು ದಿನ ಗುರುತು ಕೇಳಿದ್ದೆ, ಜ್ಞಾನ ಕೇಳಿರಲೇ ಇಲ್ಲ. ಅವತ್ತು ರಾತ್ರಿ ಕೇಳಿದೆ. ಬೆಳಿಗ್ಗೆ ಹೋಗಿ "ಬರ್ತೀನಿ ಮೇಡಂ. ತಡ ಮಾಡಿದ್ದಕ್ಕೆ ಕ್ಷಮಿಸಿ" ಅಂದೆ. ಅಕ್ಕನಿಗೂ ಕ್ಷಮಿಸಿ ಅಂದೆ.

ಮೊದಲ ತಿಂಗಳು ಕಷ್ಟ ಇತ್ತು. ಒಬ್ಬರ ಬಿಪಿ ದಿಢೀರ್ ಇಳಿದಾಗ ನನ್ನ ಕೈ ನಡುಗಿತು. ಬಂದಿದ್ದೇ ತಪ್ಪಾ ಅನ್ನಿಸಿತು. ಆಗ ಯೇಸುವಿನ ಸುವಾರ್ತೆ ಸಾರುತ್ತಾ ಊರೂರು ಸುತ್ತಿದ ಪೌಲನ ನೆನಪು ಧೈರ್ಯ ಕೊಟ್ಟಿತು. ಮಕೆದೋನ್ಯ ಸೀಮೆಗೆ ಬಾ ಅಂತ ದರ್ಶನ ಕಂಡು ಹೋದವನು ಅಲ್ಲಿನ ಫಿಲಿಪ್ಪಿ ಊರಿನಲ್ಲಿ ಏಟು ತಿಂದು ಜೈಲು ಸೇರಿದ. ದಾರಿ ಸರಿಯಾಗಿಯೇ ಇತ್ತು. ಆ ಜೈಲಿನ ಅಧಿಕಾರಿಯೂ ಅವನ ಮನೆಯವರೆಲ್ಲರೂ ದೇವರನ್ನು ನಂಬಿದರು.

ಮೊನ್ನೆ ಮೇಡಂ ಮತ್ತೆ ಕರೆದರು. ಹೊಸಬರಿಗೆ ಟ್ರೈನಿಂಗ್ ಕೊಡೋ ಕೆಲಸ ತಗೋತೀಯಾ ಅಂತ. "ಪ್ರಾರ್ಥನೆ ಮಾಡಿ ಸೋಮವಾರ ಹತ್ತು ಗಂಟೆಗೆ ಹೇಳ್ತೀನಿ ಮೇಡಂ" ಅಂದೆ. ಕೇಳಬೇಕಾದ ಮೂರು ಪ್ರಶ್ನೆ ಚೀಟಿಯಲ್ಲಿ ಬರೆದು ಬೈಬಲ್ ಒಳಗೆ ಇಟ್ಟಿದ್ದೀನಿ. ಎರಡಕ್ಕೆ ಉತ್ತರ ಸಿಕ್ಕಿದೆ. ಮೂರನೆಯದನ್ನು ನಾಳೆ ಅಕ್ಕನ ಹತ್ತಿರ ಕೇಳಬೇಕು.