ಅಮ್ಮನ ಶುಗರ್ರು, ಗೋಡೆ ಮೇಲಿನ ಕ್ಯಾಲೆಂಡರ್ರು

ಅಮ್ಮಂಗೆ ಶುಗರ್ ಬಂದು ಹನ್ನೊಂದು ವರ್ಷ ಆಯ್ತು. ಅದ್ರಲ್ಲಿ ಹತ್ತು ವರ್ಷ ನಾವು ಮಾಡಿದ್ದಿಷ್ಟೇ, ಮೂರ್ನಾಲ್ಕು ತಿಂಗಳಿಗೊಂದ್ ಸಲ ತಿಪಟೂರಿಗೆ ಕರ್ಕೊಂಡು ಹೋಗಿ ಖಾಲಿ ಹೊಟ್ಟೇಲಿ ರಕ್ತ ಕೊಡ್ಸೋದು, ತಿಂಡಿ ತಿನ್ಸಿ ಎರಡು ಗಂಟೆ ಕಾದು ಮತ್ತೆ ಕೊಡ್ಸೋದು, ಡಾಕ್ಟ್ರು "ಪರವಾಗಿಲ್ಲ, ಇದೇ ಮಾತ್ರೆ ಇರ್ಲಿ" ಅಂದ್ರೆ ನೆಮ್ಮದಿಯಾಗಿ ಊರಿಗೆ ವಾಪಸ್ ಬರೋದು. ಹೋದ ವರ್ಷ ಬೇರೆ ಡಾಕ್ಟ್ರ ಹತ್ರ ಹೋದಾಗ ಅವ್ರು ಎಚ್‌ಬಿಎ1ಸಿ ಅಂತ, ಎರಡು ಮೂರು ತಿಂಗಳ ಶುಗರ್ ಸರಾಸರಿ ತೋರ್ಸೋ ಟೆಸ್ಟೂ ಬರ್ಕೊಟ್ರು. ಖಾಲಿ ಹೊಟ್ಟೇದು 118 ಬಂದಿತ್ತು, ಎಚ್‌ಬಿಎ1ಸಿ ಮಾತ್ರ 8.6! ಡಾಕ್ಟ್ರು ಅಮ್ಮನ ಮುಖ ನೋಡಿ ಮೆಲ್ಲಗೆ ಕೇಳಿದ್ರು, "ಅಮ್ಮಾ, ಟೆಸ್ಟಿಗೆ ಬರೋ ಮುಂಚೆ ಊಟ ಬಿಟ್ಟಿದ್ರಾ?"

ಬಿಟ್ಟಿದ್ರು. ಪ್ರತಿ ಸಲಾನೂ ಎರಡು ದಿನ ಮೊದ್ಲೇ ಅನ್ನ ಮುದ್ದೆ ಎಲ್ಲಾ ಬಿಟ್ಟು ಒಂದೊಂದು ಚಪಾತಿ ತಿಂದ್ಕೊಂಡು ಇರ್ತಿದ್ರಂತೆ, ನಮಗ್ಯಾರಿಗೂ ಗೊತ್ತೇ ಇಲ್ಲ. "ಜಾಸ್ತಿ ಬಂದ್ರೆ ನೀವೆಲ್ಲ ಬೇಜಾರ್ ಮಾಡ್ಕೋತೀರಲ್ಲಪ್ಪ" ಅಂದ್ರು. ಆ ಮಾತು ಕೇಳಿ ನಂಗೆ ಹೊಟ್ಟೇಲಿ ಒಂಥರಾ ಆಗೋಯ್ತು.

ಎಚ್‌ಬಿಎ1ಸಿ ಹತ್ರ ಈ ಎರಡು ದಿನದ ಉಪವಾಸ ನಡೆಯಲ್ಲ. ಕೆಂಪು ರಕ್ತಕಣಕ್ಕೆ ಸುಮಾರು 120 ದಿನ ಆಯಸ್ಸು, ಅಷ್ಟು ದಿನವೂ ಅದ್ರೊಳಗಿನ ಹಿಮೋಗ್ಲೋಬಿನ್‌ಗೆ ಸಕ್ಕರೆ ಅಂಟ್ಕೋತಾ ಇರುತ್ತೆ, ಅದನ್ನ ಅಳೆದ್ರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಿಗುತ್ತೆ. 8.6 ಅಂದ್ರೆ ಸರಾಸರಿ 200ರ ಆಸುಪಾಸು. ರಕ್ತಹೀನತೆ ಇದ್ರೆ ಈ ನಂಬರ್ ತಪ್ಪು ದಾರಿ ಹಿಡಿಸಬಹುದು, ಅದಕ್ಕೆ ಡಾಕ್ಟ್ರಿಗೆ ಅದನ್ನೂ ಹೇಳ್ಬೇಕು.

ಆಮೇಲೆ ಮನೆಗೇ ಒಂದು, ಬೆರಳು ಚುಚ್ಚಿ ಶುಗರ್ ನೋಡೋ ಗ್ಲುಕೋಮೀಟರ್ ತಂದ್ವಿ. ಅಮ್ಮ ಅದಕ್ಕೆ ಮಿಷನ್ನು ಅಂತಾರೆ. ಮೊದಲ್ನೇ ವಾರವೇ ಒಂದು ಸಂಜೆ ಫೋನ್ ಮಾಡಿ ಅಳೋ ಧ್ವನೀಲಿ "ಮಗಾ 291 ಬಂದೈತೆ ಕಣೋ" ಅಂದ್ರು. ಏನ್ ಮಾಡ್ತಿದ್ರಿ ಅಂತ ಕೇಳಿದ್ರೆ ಮೊಮ್ಮಕ್ಕಳಿಗೆ ಮಾವಿನಹಣ್ಣು ಹೆಚ್ಚಿಕೊಡ್ತಿದ್ರಂತೆ, ಕೈನ ಸೆರಗಲ್ಲಿ ಒರೆಸ್ಕೊಂಡು ಹಂಗೇ ಚುಚ್ಚಿಕೊಂಡಿದ್ದಾರೆ. ಸೋಪ್ ಹಾಕಿ ತೊಳೆದು ಚೆನ್ನಾಗಿ ಒರೆಸಿ ಇನ್ನೊಂದ್ ಸಲ ನೋಡಿ ಅಂದೆ, 168 ಬಂತು. ಬೆರಳಿನ ಮೇಲಿದ್ದ ಹಣ್ಣಿನ ರಸ ಆ ಒಂದು ಹನಿ ರಕ್ತಕ್ಕೆ ಸೇರಿದ್ರೆ ಅಷ್ಟು ವ್ಯತ್ಯಾಸ ಆಗೋಗುತ್ತೆ. ಕೈ ಒದ್ದೆ ಇದ್ರೂ ಕಷ್ಟ, ರಕ್ತ ನೀರಾಗಿ ಕಮ್ಮಿ ತೋರ್ಸುತ್ತೆ. ಬೆರಳ ತುದಿಗೆ ಚುಚ್ಚೋ ಬದ್ಲು ಪಕ್ಕಕ್ಕೆ ಚುಚ್ಚಿದ್ರೆ ನೋವು ಕಮ್ಮಿ. ರಕ್ತದ ಹನಿ ತಾಗಿಸೋ ಸ್ಟ್ರಿಪ್ ಡಬ್ಬಿ ಮುಚ್ಚಳ ತಕ್ಷಣ ಹಾಕ್ಬೇಕು, ಅದ್ರಲ್ಲಿರೋ ಕಿಣ್ವ ತೇವ ತಾಗಿದ್ರೆ ಕೆಡುತ್ತೆ.

ಇನ್ನೊಂದು, ಲ್ಯಾಬಲ್ಲಿ ಅಷ್ಟು ಬಂತು ಮನೇಲಿ ಇಷ್ಟು ಬಂತು ಅಂತ ಮಿಷನ್ ಬಿಸಾಕ್ಬೇಡಿ. ಈ ಮೀಟರ್‌ಗಳಿಗಿರೋ ಅಂತರರಾಷ್ಟ್ರೀಯ ಮಾನದಂಡವೇ 100ರ ಮೇಲಿನ ರೀಡಿಂಗಿಗೆ ಶೇ. 15ರಷ್ಟು ಹೆಚ್ಚುಕಮ್ಮಿಗೆ ಅವಕಾಶ ಕೊಡುತ್ತೆ. 150 ಬಂದ ಕಡೆ 160 ಬಂದ್ರೆ ಅದೊಂದು ವಿಷಯವೇ ಅಲ್ಲ.

ಆದ್ರೆ ನಾನು ಮುಖ್ಯವಾಗಿ ಹೇಳ್ಬೇಕಂತ ಕೂತಿರೋದು ಜೋಡಿ ರೀಡಿಂಗ್ ಬಗ್ಗೆ. ದಿನಾ ಬೆಳಿಗ್ಗೆ ಒಂದು ನಂಬರ್ ನೋಡಿ ಖುಷಿಪಡೋದು ಇಲ್ಲಾ ಹೆದರೋದು, ಇದ್ರಿಂದ ನಮಗೆ ಏನೂ ತಿಳೀಲಿಲ್ಲ. ತಿನ್ನೋ ಮುಂಚೆ ಒಂದು, ಮೊದಲ ತುತ್ತು ತಿಂದ ಟೈಮಿಂದ ಎರಡು ಗಂಟೆಗೆ ಇನ್ನೊಂದು, ಮಧ್ಯೆ ಏನ್ ತಿಂದ್ರು ಅಂತ ಬರೆದಿಡೋದು, ಇದನ್ನ ಶುರು ಮಾಡಿದ್ಮೇಲೆ ಅಮ್ಮನ ದೇಹ ನಮಗೆ ಅರ್ಥ ಆಗ್ತಾ ಬಂತು. ಸ್ಟ್ರಿಪ್ ದುಬಾರಿ, ದಿನಾ ಆಗಲ್ಲ, ವಾರಕ್ಕೆ ಎರಡು ಜೋಡಿ ಸಾಕು ಅಂತ ಡಾಕ್ಟ್ರು ಹೇಳಿದ್ರು (ಇನ್ಸುಲಿನ್ ತಗೊಳ್ಳೋರಿಗೆ ಲೆಕ್ಕ ಬೇರೆ). ಒಂದು ವಾರ ತಿಂಡಿದು, ಮುಂದಿನ ವಾರ ಮಧ್ಯಾಹ್ನದ ಊಟದ್ದು, ಹಿಂಗೆ ಬದಲಾಯಿಸ್ಕೊಂಡು.

ರಾಗಿ ಅಂಬಲಿ ಕುಡಿದ್ರೆ ಶುಗರ್ ಏರೋದೇ ಇಲ್ಲ ಅಂತ ಅಮ್ಮ ಬೆಳಿಗ್ಗೆ ದೊಡ್ಡ ಲೋಟದ ತುಂಬಾ ಕುಡೀತಿದ್ರು. 139 ಇದ್ದಿದ್ದು ಎರಡು ಗಂಟೆಗೆ 246. ನುಣ್ಣಗೆ ಬೀಸಿದ ಹಿಟ್ಟು, ಅದೂ ನೀರಾಗಿ ಬೇಯಿಸಿದ್ದು, ಬೇಗ ಜೀರ್ಣ ಆಗಿ ರಕ್ತಕ್ಕೆ ಸೇರುತ್ತೆ. ಅದೇ ರಾಗಿ ಚಿಕ್ಕ ಮುದ್ದೆಯಾಗಿ ಹುರುಳಿಕಾಳಿನ ಬಸ್ಸಾರು, ಸೊಪ್ಪಿನ ಪಲ್ಯದ ಜೊತೆ ಹೋದಾಗ 132ರಿಂದ 174ಕ್ಕೆ ನಿಂತಿತು. ಶುಗರ್ ಇರೋ ಹೆಚ್ಚಿನವರಿಗೆ ಇಟ್ಟಿರೋ ಗುರಿ ತಿನ್ನೋ ಮುಂಚೆ 80ರಿಂದ 130, ತಿಂದ್ಮೇಲೆ 180ರ ಒಳಗೆ, ವಯಸ್ಸಾದೋರಿಗೆ ಡಾಕ್ಟ್ರು ಸ್ವಲ್ಪ ಸಡಿಲ ಮಾಡ್ತಾರೆ. ಅಮ್ಮನ ನಂಬರ್ ಅಮ್ಮಂದೇ, ನಿಮ್ಮನೇಲಿ ನೀವೇ ನೋಡ್ಬೇಕು.

ಬೆಳಗಿನ ರೀಡಿಂಗ್ ಕೂಡ ತುಂಬಾ ಕಾಡ್ತು. ರಾತ್ರಿ ಮಲಗೋವಾಗ 128, ಎದ್ದಾಗ 151, ನಡುವೆ ಏನೂ ತಿಂದಿಲ್ಲ. ಅಮ್ಮ ಅದಕ್ಕೆ ರಾತ್ರಿ ಊಟ ಬಿಡೋಕೆ ಶುರು ಮಾಡಿದ್ರು, ಆದ್ರೂ ಇಳೀಲಿಲ್ಲ. ನಸುಕಲ್ಲಿ ಕಾರ್ಟಿಸಾಲ್ ತರದ ಹಾರ್ಮೋನುಗಳು ಏರ್ತವೆ, ಲಿವರ್ರು ತಾನು ಕೂಡಿಟ್ಟ ಸಕ್ಕರೆನ ರಕ್ತಕ್ಕೆ ಬಿಡುತ್ತೆ, ಅದನ್ನ ತಡೆಯೋಕೆ ಅಮ್ಮನ ಇನ್ಸುಲಿನ್‌ಗೆ ಶಕ್ತಿ ಸಾಲಲ್ಲ. ಅವ್ರ ತಪ್ಪು ಏನೂ ಇಲ್ಲ ಅಂತ ಡಾಕ್ಟ್ರು ಬಿಡಿಸಿ ಹೇಳಿದ್ಮೇಲೇ ಅಮ್ಮ ಮತ್ತೆ ರಾತ್ರಿ ಉಣ್ಣೋಕೆ ಶುರು ಮಾಡಿದ್ದು.

ನಂಗೆ ನಿಜವಾಗ್ಲೂ ಭಯ ಆಗಿದ್ದು 61 ಬಂದ ದಿನ. ಏಕಾದಶಿ, ಗ್ಲಿಮೆಪಿರೈಡ್ ಮಾತ್ರೆ ನುಂಗಿ ಉಪವಾಸ ಇದ್ದಾರೆ. ಆ ಮಾತ್ರೆ ಊಟ ಮಾಡಿದ್ರೂ ಮಾಡ್ದೇ ಇದ್ರೂ ಇನ್ಸುಲಿನ್ ಹೊರಡಿಸುತ್ತೆ. ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. 70ಕ್ಕಿಂತ ಕೆಳಗೆ ಹೋದ್ರೆ 15 ಗ್ರಾಂ ಸಕ್ಕರೆ, ಅಂದ್ರೆ ಮೂರು ಟೀ ಚಮಚದಷ್ಟು, ನೀರಲ್ಲಿ ಕಲಸಿ ಕುಡಿಸಿ 15 ನಿಮಿಷಕ್ಕೆ ಮತ್ತೆ ನೋಡ್ಬೇಕು, ಇನ್ನೂ ಕಮ್ಮಿ ಇದ್ರೆ ಮತ್ತೊಂದ್ ಸಲ. ಲಾಡು, ಚಾಕಲೇಟ್ ಬೇಡ, ಅದ್ರ ಕೊಬ್ಬು ಸಕ್ಕರೆ ಏರೋದನ್ನ ನಿಧಾನ ಮಾಡುತ್ತೆ. ಪ್ರಜ್ಞೆ ಇಲ್ದೇ ಇದ್ರೆ ಬಾಯಿಗೆ ಏನೂ ಹಾಕ್ಬಾರ್ದು, ಸೀದಾ ಆಸ್ಪತ್ರೆಗೆ. ಅಮ್ಮಂಗೆ ಅರ್ಧ ಗಂಟೇಲಿ 104 ಆಯ್ತು. ಮಾತ್ರೆ ಡೋಸನ್ನ ಆ ವಾರವೇ ಡಾಕ್ಟ್ರು ಬದಲಾಯಿಸಿದ್ರು.

ಈಗ ಅಡುಗೆಮನೆ ಕ್ಯಾಲೆಂಡರಲ್ಲಿ ಅಮ್ಮ ತಾವೇ ಬರೀತಾರೆ. ಮುದ್ದೆ ತಿಂದ ದಿನ ಒಂದು ಸೊನ್ನೆ, ಅನ್ನಕ್ಕೆ ಚುಕ್ಕಿ, ಪಕ್ಕದಲ್ಲಿ ಎರಡು ನಂಬರ್. ಹೋದ ತಿಂಗಳ ಹಾಳೇಲಿ ನಮ್ಮಣ್ಣನ ಮಗಳ ನಾಮಕರಣದ ದಿನ 263 ಅಂತ ದಪ್ಪಗೆ ಬರೆದಿದ್ದಾರೆ, ಪಕ್ಕದಲ್ಲಿ "ಹೋಳಿಗೆ 2". ಮುಚ್ಚಿಟ್ಟಿಲ್ಲ. ಆ ಹಾಳೆ ಹರ್ಕೊಂಡು ನಾಳಿದ್ದು ಡಾಕ್ಟ್ರ ಹತ್ರ ಹೋಗ್ತಿದ್ದೀವಿ, ಈ ಸಲ ಹೊಟ್ಟೆ ತುಂಬಾ ಊಟ ಮಾಡ್ಕೊಂಡೇ ಇದ್ದಾರೆ.