ಧ್ಯಾನ ಮಾಡ್ತೀಯಲ್ಲ, ಮತ್ತೆ ಮಾತ್ರೆ ಯಾಕೆ?

ಡಾಕ್ಟರು ಬರೆದುಕೊಟ್ಟಿದ್ದಾರೆ, ಅದಕ್ಕೆ. ಉತ್ತರ ಇಷ್ಟೇ. ಇದು ಸಾಲದು ಅನ್ನುವವರು ಮುಂದೆ ಓದಿ. ಬಾಯಲ್ಲಿ ಹೇಳಿ ಹೇಳಿ ನನಗೆ ಸಾಕಾಗಿದೆ.

ನೆಂಟರ ಮದುವೆಯೊಂದರಲ್ಲಿ ಊಟಕ್ಕೆ ಕೂತಿದ್ದೆ. ಪಕ್ಕದ ಎಲೆಯಲ್ಲಿದ್ದ ಚಿಕ್ಕಪ್ಪನ ಕಣ್ಣಿಗೆ ನನ್ನ ಬ್ಯಾಗಿನಲ್ಲಿದ್ದ ಮಾತ್ರೆ ಬಿತ್ತು. ಕೋಸಂಬರಿ ಬಡಿಸುವವನು ಮುಂದೆ ಹೋಗುವವರೆಗೂ ಅವರು ತಡೆಯಲಿಲ್ಲ. "ಏನಮ್ಮಾ, ದಿನಾ ಕಣ್ಣು ಮುಚ್ಚಿ ಕೂರ್ತೀಯಂತೆ, ಆದ್ರೂ ಈ ಡಿಪ್ರೆಶನ್ ಮಾತ್ರೆ ಬೇಕಾ? ಮನಸ್ಸು ಗಟ್ಟಿ ಮಾಡ್ಕೋಬೇಕು." ಹಾಗಂದು, ಹೋಳಿಗೆ ಬರುವ ಮುಂಚೆ ತಮ್ಮ ಶುಗರ್ ಮಾತ್ರೆ ನುಂಗಿದರು. ಅವರು ದಿನಾ ವಾಕಿಂಗ್ ಹೋಗುತ್ತಾರೆ. ವಾಕಿಂಗ್ ಹೋಗ್ತೀರಲ್ಲ, ಮತ್ತೆ ಮಾತ್ರೆ ಯಾಕೆ ಅಂತ ನಾನು ಕೇಳಲಿಲ್ಲ. ಕೇಳಬೇಕಿತ್ತು.

ಧ್ಯಾನವನ್ನು ಆಸ್ಪತ್ರೆಗೆ ತಂದವರು ಯಾರೂ ಇಷ್ಟು ಧಾರಾಳವಾಗಿ ಮಾತಾಡಿಲ್ಲ. ಜಾನ್ ಕಬಾಟ್-ಝಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಧ್ಯಾನದ ತರಬೇತಿ ಶುರು ಮಾಡಿದರು. ಆಮೇಲೆ ಟೀಸ್‌ಡೇಲ್, ಸೀಗಲ್, ವಿಲಿಯಮ್ಸ್ ಎಂಬ ಮನಶ್ಶಾಸ್ತ್ರಜ್ಞರು ಸೇರಿ ಖಿನ್ನತೆ ಮತ್ತೆ ಮತ್ತೆ ಬರುವವರಿಗಾಗಿ ಅದನ್ನು ಬದಲಾಯಿಸಿಕೊಂಡರು. ಅವರ 2000ದ ಅಧ್ಯಯನದಲ್ಲಿ, ಮೂರು ಅಥವಾ ಹೆಚ್ಚು ಸಲ ಖಿನ್ನತೆ ಬಂದು ಚೇತರಿಸಿಕೊಂಡವರಲ್ಲಿ ಅದು ಮರುಕಳಿಸುವುದು ಕಡಿಮೆಯಾಯಿತು. ಎರಡೇ ಸಲ ಬಂದವರಿಗೆ ಆ ಲಾಭ ಕಾಣಲಿಲ್ಲ. ಅವರು ಇಷ್ಟು ಅಳೆದು ತೂಗಿ ಹೇಳಿದ್ದನ್ನು ನಮ್ಮವರು 'ಎಲ್ಲಾ ಹೋಗುತ್ತೆ' ಅಂದುಬಿಡುತ್ತಾರೆ. ಕೆಲವರು ಡಾಕ್ಟರ ಜೊತೆ ಮಾತಾಡಿ ನಿಧಾನಕ್ಕೆ ಮಾತ್ರೆ ಬಿಡುವುದೂ ಉಂಟು. ಅದು ಊಟದ ಪಂಕ್ತಿಯಲ್ಲಿ ತೀರ್ಮಾನ ಆಗುವ ವಿಷಯವಲ್ಲ.

ಕಣ್ಣು ಮುಚ್ಚಿ ಕೂತಾಗ ಏನಾಗುತ್ತೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೆ ಖುಷಿಯಿಂದ ಹೇಳುತ್ತಿದ್ದೆ. ಜಾಸ್ತಿ ಏನೂ ಆಗುವುದಿಲ್ಲ. ಉಸಿರು, ಪಕ್ಕದ ಮನೆ ಮಿಕ್ಸಿ, ಮೊಣಕಾಲು ನೋವು. ನಡುವೆ 'ಆ ಮೇಲ್ ಹಾಗೆ ಬರೆಯಬಾರದಿತ್ತು' ಅಂತ ಬರುತ್ತದೆ. ಅದರ ಹಿಂದೆಯೇ 'ನಾನು ಯಾವುದಕ್ಕೂ ಲಾಯಕ್ಕಿಲ್ಲ'. ಮುಂಚೆ ಇದು ರಾತ್ರಿವರೆಗೂ ಎಳೆಯುತ್ತಿತ್ತು. ಈಗ ಎರಡನೇ ಮಾತಿಗೇ 'ಓ, ಶುರುವಾಯ್ತು' ಅಂತ ಗೊತ್ತಾಗುತ್ತದೆ. ಕೆಲವು ಸಲ.

ತೀರಾ ಕೆಟ್ಟ ದಿನಗಳಲ್ಲಿ ಕಣ್ಣು ಮುಚ್ಚಿದರೆ ಎದೆ ಇನ್ನೂ ಬಿಗಿಯುತ್ತದೆ. ಆಗ ಕೂರುವುದೇ ಇಲ್ಲ. ಕಣ್ಣು ತೆರೆದುಕೊಂಡೇ ಟೆರೇಸಿನಲ್ಲಿ ಬರಿಗಾಲಲ್ಲಿ ನಡೆಯುತ್ತೇನೆ, ಗಮನವೆಲ್ಲ ಅಂಗಾಲಿನ ಮೇಲೆ. ಇದನ್ನು ಹೇಳಿಕೊಟ್ಟಿದ್ದು ನನ್ನ ಕೌನ್ಸೆಲರ್. ಅದೂ ಆಗದಿದ್ದರೆ ಡಾಕ್ಟರಿಗೆ ಫೋನು. ಫೋನ್ ಮಾಡಲು ಯಾರೂ ಇಲ್ಲದವರಿಗೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ ಇದೆ, 14416. ದುಡ್ಡು ಕೊಡಬೇಕಿಲ್ಲ, ರಾತ್ರಿಯಲ್ಲೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.