ಓದಲು ಬಿಟ್ಟು, ಬರೆಯಲು ಬಿಡದ ಡಿಸ್ಕ್

ನನ್ನ ಕಂಪ್ಯೂಟರಿನಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇವೆ. ಲಿನಕ್ಸ್‌ನಲ್ಲಿ ವಿಂಡೋಸ್ ಪಾರ್ಟಿಷನ್ (ಡಿಸ್ಕಿನಲ್ಲಿ ವಿಂಡೋಸ್‌ನ ಪಾಲು) ತೆರೆದರೆ ಕಡತಗಳೆಲ್ಲ ಕಾಣುತ್ತಿದ್ದವು, ಒಂದನ್ನೂ ತಿದ್ದಿ ಉಳಿಸಲು ಆಗುತ್ತಿರಲಿಲ್ಲ. ಡಿಸ್ಕ್ ಕೆಟ್ಟಿರಲಿಲ್ಲ, ಕಾರಣ ಫಾಸ್ಟ್ ಸ್ಟಾರ್ಟಪ್, ಅಂದರೆ ವಿಂಡೋಸ್ ಬೇಗ ತೆರೆದುಕೊಳ್ಳಲೆಂದು ಇರುವ ಆಯ್ಕೆ. ಅದು ಚಾಲೂ ಇದ್ದರೆ ಶಟ್ ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಕರ್ನಲ್‌ನ (ವ್ಯವಸ್ಥೆಯ ತಿರುಳಿನ) ಸ್ಥಿತಿಯನ್ನು ಡಿಸ್ಕಿನ ಹೈಬರ್ನೇಷನ್ ಕಡತದಲ್ಲಿ ಇಟ್ಟುಕೊಂಡು ಮಲಗುತ್ತದೆ. ರೀಸ್ಟಾರ್ಟ್ ಕೊಟ್ಟರೆ ಮಾತ್ರ ನಿಜವಾಗಿ ಮುಚ್ಚಿ ತೆರೆಯುತ್ತದೆ.

ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಯ್ಕೆಗಳಲ್ಲಿ ಅದನ್ನು ಇಂದು ತೆಗೆದೆ. ಬೂಟ್ ತುಸು ನಿಧಾನವಾದರೆ ಆಗಲಿ. ಹೈಬರ್ನೇಷನ್ ಕಡತವನ್ನು ಅಳಿಸಿ ಪಾರ್ಟಿಷನ್ನನ್ನು ಲಿನಕ್ಸ್‌ಗೆ ಒತ್ತಾಯದಿಂದ ಜೋಡಿಸುವ (ಮೌಂಟ್ ಮಾಡುವ) ದಾರಿಯೂ ಇದೆ, ಆದರೆ ವಿಂಡೋಸ್ ಅಲ್ಲಿ ಇಟ್ಟುಕೊಂಡ ಸ್ಥಿತಿ ಪೂರ್ತಿ ಹೋಗಿಬಿಡುತ್ತದೆ, ನನಗದು ಒಪ್ಪಿಗೆಯಿಲ್ಲ. ಇನ್ನೊಂದು ವ್ಯವಸ್ಥೆ ಅರ್ಧಕ್ಕೆ ನಿಲ್ಲಿಸಿದ್ದನ್ನು ಮುಟ್ಟಲಾರೆ ಎನ್ನುವ ಲಿನಕ್ಸ್‌ನ ಈ ಹಠ ನನಗೆ ಬಹಳ ಹಿಡಿಸಿತು. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಬಂದಾಗ ಆ ಆಯ್ಕೆಯನ್ನು ಮತ್ತೊಮ್ಮೆ ನೋಡಬೇಕು.